ಎಡಗಡೆಯ ಆಕ್ಸಲ್

ಬಲಕ್ಕೆ ಪೂರ್ತಿ ತಿರುಗಿಸಿದ ಸ್ಟಿಯರಿಂಗನ್ನು ಹಾಗೇ ಒತ್ತಿ ಹಿಡಿದುಕೊಂಡು ಅವನು ಗ್ಯಾರೇಜಿನ ಅಂಗಳದಲ್ಲಿ ನಾಲ್ಕನೆಯ ಸುತ್ತು ಹಾಕುತ್ತಿದ್ದ. ಟಕ್ ಟಕ್ ಟಕ್ ಟಕ್. ಸದ್ದು ಬಲಗಡೆಯಿಂದಲೇ ಬರುತ್ತಿತ್ತು. ಕಳೆದ ಗುರುವಾರವೂ ಬಲಗಡೆಯಿಂದಲೇ ಬಂದಿತ್ತು, ಬಲಗಡೆಯ ಆಕ್ಸಲನ್ನು ಅವನೇ ಕಳಚಿ ಹೊಸದನ್ನು ಹಾಕಿದ್ದ, ಹಾಕಿದ ಮೇಲೂ ಬಲಗಡೆಯಿಂದಲೇ ಬಂದಿತ್ತು, ಈಗ ಐದು ದಿನ ಕಳೆದು ಮತ್ತೆ ಅದೇ ಬಲಗಡೆ. ಒಂದೊಂದು ಸುತ್ತಿಗೂ ಗಾಜಿನಾಚೆ ಅದೇ ನೋಟ ಸರದಿಯಲ್ಲಿ ಬಂದು ಹೋಗುತ್ತಿತ್ತು. ಸವೆದ ಟೈರುಗಳ ಗುಡ್ಡೆ, ನೀರಿನ ನಲ್ಲಿ, ಬಾಗಿಲಲ್ಲಿ ಕೈಕಟ್ಟಿ ನಿಂತ ಇಬ್ಬರು ಹೆಂಗಸರು, ಅವರ ಹಿಂದೆ ಕೌಂಟರಿನ ಪಕ್ಕದಲ್ಲಿ ಒಂದು ಹೊಸ ಕುರ್ಚಿ. ಇಬ್ಬರಲ್ಲಿ ದೊಡ್ಡವಳು ಈ ಕಾರಿನ ಒಡತಿ, ಡ್ರೈವಿಂಗ್ ಸ್ಕೂಲು ನಡೆಸುವಾಕೆ. ಕಲಿಯುವವರ ಕೈಯಲ್ಲಿ ದಿನವಿಡೀ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ತಿರುಗಿಸಿ ಆಕ್ಸಲು ಸವೆಯದೆ ಇನ್ನೇನಾದೀತು. ಚಿಕ್ಕವಳು ಗ್ಯಾರೇಜಿನ ಒಡತಿ, ತೀರಿಕೊಂಡ ಯಜಮಾನರ ಮಗಳು, ಅವನನ್ನು ಚಿಕ್ಕಂದಿನಿಂದ ಮಾಮ ಎಂದು ಕರೆಯುವವಳು. ಕುರ್ಚಿ ತರಿಸಿದ್ದು ಅವನಿಗಾಗಿ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಿನ್ನೆ ಬೆಳಿಗ್ಗೆ ಬಂದಾಗ ಅದು ಅಲ್ಲಿತ್ತು, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಬರುವ ಗಾಡಿಗಳನ್ನು ನೋಡಿ ಏನಾಗಿದೆ ಎಂದು ಬರೆದುಕೊಳ್ಳಲು ಅನುಭವಸ್ಥರು ಒಬ್ಬರು ಅಲ್ಲಿ ಕೂತರೆ ಚೆನ್ನ ಎಂದು ಅವಳು ಗೋಡೆಯ ಕ್ಯಾಲೆಂಡರಿಗೆ ಹೇಳಿದಂತೆ ಹೇಳಿದ್ದಳು. ಅವನು ತಲೆಯಾಡಿಸಿ ಲಿಫ್ಟಿನ ಕಡೆ ನಡೆದಿದ್ದ. ಐದನೆಯ ಸುತ್ತಿನಲ್ಲಿ ಅವನು ಕುರ್ಚಿಯ ಕಡೆ ನೋಡಬಾರದು ಎಂದುಕೊಂಡ. ನೋಡಿದ.

ಅವನಿಗೆ ಕಿವಿ ಮೇಸ್ತ್ರಿ ಎಂದು ಹೆಸರಿಟ್ಟವರು ಆ ಯಜಮಾನರೇ. ಗಾಡಿ ಗೇಟಿನೊಳಗೆ ಬರುವ ಮೊದಲೇ, ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ, ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡದೆ, ಹಿಂದಿನ ಎಡ ಬೇರಿಂಗು ಎಂದೋ, ಮೂರನೆಯ ಸಿಲಿಂಡರು ಎಂದೋ ಅವನು ಹೇಳಿಬಿಡುತ್ತಿದ್ದ. ಗಿರಾಕಿಗಳ ಎದುರಿಗೆ ಯಜಮಾನರು ಇದನ್ನೊಂದು ಆಟದಂತೆ ಆಡಿಸುತ್ತಿದ್ದರು. ಅವನು ನಾಚಿಕೊಳ್ಳುವವನಂತೆ ಮುಖ ಮಾಡುತ್ತಿದ್ದ, ಆದರೆ ಆಟ ಒಂದು ದಿನ ತಪ್ಪಿದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಉಳಿದವರು ಗಾಡಿಯನ್ನು ಲಿಫ್ಟಿಗೇರಿಸಿ, ಚಕ್ರ ಅಲ್ಲಾಡಿಸಿ, ದೀಪ ಹಿಡಿದು ತಡಕಾಡುವುದನ್ನು ಕಂಡರೆ ಅವನಿಗೆ ನಗು. ಮುಟ್ಟಿ ನೋಡುವುದು ಕೇಳಲು ಬಾರದವರ ಕೆಲಸ ಎಂದುಕೊಂಡಿದ್ದ. ಆಕ್ಸಲಿನ ರೋಗ ಹಿಡಿಯುವುದಕ್ಕೆ ಮೇಸ್ತ್ರಿಗಳೆಲ್ಲರಿಗೂ ಗೊತ್ತಿರುವ ಸುಲಭದ ದಾರಿಯೊಂದಿದೆ. ಬಲಕ್ಕೆ ತಿರುಗಿಸಿದಾಗ ಸದ್ದು ಹೆಚ್ಚಾದರೆ ಎಡಚಕ್ರದ್ದು ನೋಡಬೇಕು, ಎಡಕ್ಕೆ ತಿರುಗಿಸಿದಾಗ ಹೆಚ್ಚಾದರೆ ಬಲಚಕ್ರದ್ದು. ತಿರುವಿನಲ್ಲಿ ಭಾರ ಬೀಳುವುದು ಹೊರಗಿನ ಚಕ್ರದ ಮೇಲೆ. ಇದನ್ನು ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದಾನೆ. ತಾನು ಮಾತ್ರ ಒಂದು ದಿನವೂ ಅದರ ಮುಖ ನೋಡಿರಲಿಲ್ಲ. ಕಿವಿಯಿದ್ದವನಿಗೆ ಲೆಕ್ಕಾಚಾರ ಯಾತಕ್ಕೆ. ಗುರುವಾರ ಸದ್ದು ಬಲಗಡೆಯಿಂದ ಬಂತು, ಬಲಗಡೆಯದನ್ನು ಬಿಚ್ಚಿದ, ಅಷ್ಟೆ. ಹೊಸದು ಹಾಕಿದ ಮೇಲೂ ಸದ್ದು ಹಾಗೇ ಇದ್ದಾಗ, ಗ್ರೀಸು ಹರಡಿಕೊಳ್ಳುವ ತನಕ ಸ್ವಲ್ಪ ಟಕಟಕ ಇರುತ್ತೆ ಅಮ್ಮಾ ಎಂದು ಆ ಹೆಂಗಸಿಗೆ ಹೇಳಿ ಕಳಿಸಿದ್ದ. ಮೂವತ್ತು ವರ್ಷದಲ್ಲಿ ಹೊಸ ಆಕ್ಸಲು ಟಕಟಕ ಅಂದದ್ದನ್ನು ಅವನು ಕೇಳಿರಲಿಲ್ಲ. ಹೇಳುವಾಗ ಬಾಯಿ ತಡವರಿಸಲೂ ಇಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಎದ್ದಾಗ ಎಡಗಿವಿಯೊಳಗೆ ಯಾರೋ ಕುಕ್ಕರ್ ಇಟ್ಟು ಮರೆತುಹೋದಂತೆ ಸದ್ದಿತ್ತು. ಸಂಜೆಯ ಹೊತ್ತಿಗೆ ಅದೂ ನಿಂತು ಹತ್ತಿ ತುರುಕಿದಂತಾಯಿತು. ತಾನಾಗಿ ಹೋಗುತ್ತದೆ ಎಂದು ಮೂರು ವಾರ ಬಿಟ್ಟ. ಡಾಕ್ಟರು ಮೊದಲ ದಿನವೇ ಬರಬೇಕಿತ್ತು ಎಂದರು, ಇನ್ನು ಈ ಕಿವಿಯ ಆಸೆ ಬಿಡಬೇಕು ಎಂದರು, ಬಲಗಿವಿ ಗಟ್ಟಿಯಾಗಿದೆ, ಒಂದರಲ್ಲೇ ಜೀವನ ಸಾಗುತ್ತದೆ ಎಂದರು. ಒಂದೇ ತೊಂದರೆ, ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎನ್ನುವುದು ಗೊತ್ತಾಗುವುದಿಲ್ಲ, ಎಲ್ಲವೂ ಬಲಗಡೆಯಿಂದ ಬಂದಂತೆಯೇ ಕೇಳುತ್ತದೆ, ರಸ್ತೆ ದಾಟುವಾಗ ಹುಷಾರು. ರಸ್ತೆ ದಾಟುವಾಗ ಅವನು ಹುಷಾರಾಗಿಯೇ ಇದ್ದ. ಗ್ಯಾರೇಜಿನಲ್ಲಿ ಹುಷಾರಾಗಿರಬೇಕೆಂದು ಡಾಕ್ಟರು ಹೇಳಿರಲಿಲ್ಲ. ಯಾರಿಗೂ ತಿಳಿಸಲಿಲ್ಲ, ಹೆಂಡತಿಗೂ. ಎಡಗಡೆಯಿಂದ ಯಾರು ಏನೇ ಅಂದರೂ ತಲೆಯಾಡಿಸುವುದನ್ನು ಕಲಿತ. ಅದು ಎಂಥ ಸುಲಭದ ವಿದ್ಯೆ ಎಂದರೆ, ಒಂದು ವರ್ಷದಲ್ಲಿ ಅವನ ಬಗ್ಗೆ ಜನರ ಅಭಿಪ್ರಾಯವೇ ಸುಧಾರಿಸಿತ್ತು. ಮೇಸ್ತ್ರಿ ಈಗೀಗ ವಾದ ಮಾಡುವುದಿಲ್ಲ, ಹೇಳಿದ್ದಕ್ಕೆ ಒಪ್ಪುತ್ತಾರೆ, ವಯಸ್ಸಾಯಿತಲ್ಲ ಎನ್ನುತ್ತಿದ್ದರು. ಇವತ್ತು ಬೆಳಿಗ್ಗೆ ಅವನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಹೆಂಡತಿ ಒಳಗಿಂದ ಬಂದಳು. ಎಡಗಡೆ ಬೇಕಾದಷ್ಟು ಜಾಗವಿತ್ತು. ಅವಳು ಅವನಿಗೂ ಗೋಡೆಗೂ ನಡುವಿನ ಒಂದು ಗೇಣು ಸಂದಿಯಲ್ಲಿ ತೂರಿಕೊಂಡು ಬಲಗಡೆಗೆ ಬಂದು, ಬರುವಾಗ ಸೋಪು ತನ್ನಿ ಎಂದಿದ್ದಳು. ಸೆರಗಿಗೆ ಗೋಡೆಯ ಸುಣ್ಣ ಹತ್ತಿತ್ತು. ಆಗ ಏನೂ ಅನಿಸಿರಲಿಲ್ಲ. ಈಗ ಆರನೆಯ ಸುತ್ತಿನಲ್ಲಿ, ನಲ್ಲಿ ದಾಟಿ ಬಾಗಿಲು ಬರುವಷ್ಟರಲ್ಲಿ, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಅವಳು ಮಂಚದ ಆಚೆ ಮಗ್ಗುಲಿಗೆ ಹೋಗಿ ಎಷ್ಟು ತಿಂಗಳಾಯಿತು. ಕಿಟಕಿಯ ಗಾಳಿ ತಡೆಯೋಕಾಗಲ್ಲ ಎಂದಿದ್ದಳು. ಊಟಕ್ಕೆ ಕೂತರೆ ಬಲಗಡೆ, ರಸ್ತೆಯಲ್ಲಿ ನಡೆದರೆ ಬಲಗಡೆ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಆಡದೆ ಅವನ ಸುತ್ತ ಅರ್ಧ ಸುತ್ತು ಹಾಕುತ್ತ ಒಂದು ವರ್ಷ ಬದುಕಿದ್ದಳು. ಮೊದಲು ಅವಳ ಮೇಲೆ ಕೋಪ ಬಂತು. ಆಮೇಲೆ ಬಂದದ್ದಕ್ಕೆ ಕೋಪ ಎನ್ನಲಾಗುತ್ತಿರಲಿಲ್ಲ.

ನಿಂತ ಕಾರಿನಲ್ಲಿ ಅವನು ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಸದ್ದು ಯಾವಾಗ ಹೆಚ್ಚಾಗಿತ್ತು ಎಂದು ಹುಟ್ಟಿದ ಮೇಲೆ ಮೊದಲ ಸಲ ತನ್ನನ್ನು ತಾನೇ ಕೇಳಿಕೊಂಡ. ಬಲಕ್ಕೆ ತಿರುಗಿಸಿದಾಗ. ಹಾಗಾದರೆ ಎಡಚಕ್ರ. ಡ್ರೈವಿಂಗ್ ಸ್ಕೂಲಿನಾಕೆ ಬಾಗಿಲಿನಿಂದ ಇಳಿದು ಬಂದು ಕಿಟಕಿಯ ಹತ್ತಿರ ಬಗ್ಗಿದಳು. ಈ ಸಲ ಬಲಗಡೆ ನಿಂತಿದ್ದಳು.

“ಸದ್ದು ಎಡಚಕ್ರದ್ದು. ಗುರುವಾರಾನೇ ಹೇಳಿದ್ದೆ ನಾನು. ನೀವು ತಲೆ ಆಡಿಸಿದ್ರಿ,” ಎಂದಳು.

ಗುರುವಾರ ಅವನು ಬಾನೆಟ್ಟಿನ ಮೇಲೆ ಬಾಗಿದ್ದಾಗ ಅವಳು ಎಡಕ್ಕೆ ಬಂದು ನಿಂತದ್ದು ನೆನಪಾಯಿತು. ತುಟಿ ಅಲುಗಿದ್ದು ಕಣ್ಣಂಚಿಗೆ ಕಂಡಿತ್ತು. ಬೇಗ ಮುಗಿಸಿ ಎನ್ನುತ್ತಿರಬೇಕು ಎಂದುಕೊಂಡು ತಲೆಯಾಡಿಸಿದ್ದ. ಗಾಡಿ ಓಡಿಸುವ ಹೆಂಗಸೊಬ್ಬಳು, ನಟ್ಟು ಬಿಚ್ಚುವ ಪಾನೆ ಹಿಡಿದು ಗೊತ್ತಿಲ್ಲದವಳು, ಕಾಯಿಲೆಯ ಹೆಸರು ವಿಳಾಸ ಎಲ್ಲ ಕೊಟ್ಟಿದ್ದಳು. ಕಿವಿ ಮೇಸ್ತ್ರಿ ಎನ್ನುವ ಮಹಾಶಯ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟು ಇನ್ನೊಂದು ಕಡೆ ಬಿಚ್ಚಿದ್ದ. ಲಿಫ್ಟಿಗೆ ಹಾಕಿ ನೋಡ್ತೀನಿ ಎಂದ. ತನ್ನ ದನಿ ತನಗೇ ಜೋರಾಗಿ ಕೇಳಿತು.

ಲಿಫ್ಟು ಕಾರನ್ನು ತಲೆಯ ಮೇಲಕ್ಕೆ ಎತ್ತಿ ನಿಂತಿತು. ಅವನು ಒಬ್ಬನೇ ಕೆಳಗೆ ಹೋಗಿ ಮೊದಲು ಬಲಗಡೆಯದನ್ನು ಹಿಡಿದ. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಉಕ್ಕಿನ ದಂಡ, ಚಕ್ರದ ಹತ್ತಿರ ಕೊಳವೆಯಂಥ ರಬ್ಬರ್ ಬೂಟು, ಅದರೊಳಗೆ ಗ್ರೀಸಿನಲ್ಲಿ ಮುಳುಗಿದ ಜಾಯಿಂಟು. ಚಕ್ರ ಎತ್ತ ತಿರುಗಿದರೂ ಬಾಗಿಕೊಂಡು ತಿರುಗುವುದು ಆ ಜಾಯಿಂಟೇ. ಎರಡೂ ಕೈಯಿಂದ ತಿರುಚಿದ, ಎಳೆದ, ಮೇಲಕ್ಕೆ ಒತ್ತಿದ. ಗಟ್ಟಿ. ಒಂದು ಕೂದಲೆಳೆಯಷ್ಟು ಸಡಿಲ ಇರಲಿಲ್ಲ. ಆಮೇಲೆ ಎಡಕ್ಕೆ ಬಂದ. ದಂಡವನ್ನು ಹಿಡಿದು ಹೀಗೆ ತಿರುಚುತ್ತಿದ್ದಂತೆಯೇ ಅಂಗೈಯಲ್ಲಿ ಏನೋ ಕುಟ್ಟಿತು. ಮತ್ತೆ ಹಾಗೆ ತಿರುಚಿದ, ಮತ್ತೆ ಕುಟ್ಟಿತು. ಒಳಗಿನ ಗುಂಡುಗಳು ತಮ್ಮ ಗೂಡನ್ನು ತಿಂದು ಸಡಿಲವಾಗಿದ್ದವು, ಕಣ್ಣು ಮುಚ್ಚಿದವನಿಗೂ ಗೊತ್ತಾಗುವಷ್ಟು. ಬೂಟು ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಮಡಿಕೆಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸುತ್ತ ಹೋದಾಗ ಒಳಮಡಿಕೆಯಲ್ಲಿ ಉಗುರಿನಷ್ಟು ಸೀಳು ಸಿಕ್ಕಿತು, ಅದರಿಂದ ಒಣಗಿ ಕರಿಯಾದ ಗ್ರೀಸು, ಗ್ರೀಸಿನಲ್ಲಿ ಮರಳು. ಬೆರಳುಗಳನ್ನು ಉಜ್ಜಿ ನೋಡಿದ, ಹರಳು ಹರಳಾಗಿ ಹತ್ತಿತು. ಗುರುವಾರ ಎರಡು ನಿಮಿಷ ಇಲ್ಲಿ ಕೈ ಹಾಕಿದ್ದರೆ ಮುಗಿದಿತ್ತು. ಹಾಕಿರಲಿಲ್ಲ. ಆದರೆ ಈಗ, ಆ ಮರಳನ್ನು ಉಜ್ಜುತ್ತ ನಿಂತಾಗ, ನಾಚಿಕೆಯ ಜೊತೆಗೆ ಇನ್ನೊಂದು ಭಾವವೂ ಎದ್ದಿತು, ಅದನ್ನು ಸಂತೋಷ ಎನ್ನಲು ಅವನಿಗೆ ಧೈರ್ಯ ಸಾಲದು. ಕೈಗೆ ಗೊತ್ತಾಗಿತ್ತು. ಮೂವತ್ತು ವರ್ಷ ಕಿವಿಯ ನೆರಳಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ ಕೈಗೆ ಎಲ್ಲ ಗೊತ್ತಿತ್ತು.

ಹಿತ್ತಿಲ ಗುಜರಿ ಡ್ರಮ್ಮಿನಲ್ಲಿ ಗುರುವಾರ ಬಿಚ್ಚಿ ಎಸೆದ ಹಳೆಯ ಆಕ್ಸಲು ಇನ್ನೂ ಇತ್ತು. ಅವನೇ ಸೀಮೆಸುಣ್ಣದಲ್ಲಿ ‘ಬಲ’ ಎಂದು ಬರೆದಿದ್ದ. ತೆಗೆದು ಜಾಯಿಂಟು ತಿರುಗಿಸಿದ. ಬೆಣ್ಣೆಯ ಹಾಗೆ ತಿರುಗಿತು. ಇನ್ನೂ ನಾಲ್ಕು ವರ್ಷ ಬಾಳುವಂಥದ್ದನ್ನು ಕಸಕ್ಕೆ ಹಾಕಿದ್ದ. ಅದಕ್ಕಿಂತ ಕೆಟ್ಟದ್ದನ್ನು ಶನಿವಾರ ಮಾಡಿದ್ದ. ಸದ್ದು ಹೋಗಿಲ್ಲ ಎಂದು ಡ್ರೈವಿಂಗ್ ಸ್ಕೂಲಿನಾಕೆ ಫೋನು ಮಾಡಿದಾಗ, ಯಜಮಾನರ ಮಗಳು ಏನು ಮಾಮ ಇದು ಎಂದು ಕೇಳಿದಾಗ, ಒಂದು ಕ್ಷಣವೂ ಯೋಚಿಸದೆ ಮಾಲು ಸರಿಯಿಲ್ಲ ಎಂದುಬಿಟ್ಟಿದ್ದ. ಮಾಲು ಕೊಡುವವನು ಎರಡು ಬೀದಿ ಆಚೆ ಸ್ಪೇರ್ ಪಾರ್ಟ್ಸ್ ಅಂಗಡಿಯಿಟ್ಟ ಸ್ಪೇರಿನವನು. ಇಪ್ಪತ್ತೆಂಟು ವರ್ಷದಿಂದ ದಿನವೂ ಹನ್ನೊಂದು ಗಂಟೆಗೆ ಅವನ ಜೊತೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವವನು. ಯಜಮಾನರ ಹುಡುಗಿ ಎಲ್ಲರ ಎದುರಿಗೇ ಸ್ಪೇರಿನವನಿಗೆ ಫೋನು ಮಾಡಿ ಸ್ಪೀಕರ್ ಹಾಕಿ, ಹೀಗೆ ಕಳಪೆ ಮಾಲು ಕೊಟ್ಟರೆ ಇನ್ನು ನಿಮ್ಮ ಹತ್ತಿರ ತರಿಸುವುದಿಲ್ಲ ಎಂದಳು. ಆಮೇಲೆ ಸ್ಪೇರಿನವನ ಒಡಕು ದನಿ ಗ್ಯಾರೇಜಿನ ತುಂಬ ಕೇಳಿತು: ಮೇಸ್ತ್ರಿ ಹಾಗಂದ್ರಾ? ಅವರು ಕಿವಿಯಿಂದ ಕೇಳಿ ಹೇಳಿದಾರೆ ಅಂದ್ರೆ ನಂದೇ ತಪ್ಪಿರಬೇಕು ತಾಯಿ, ಬೇರೆ ಕಳಿಸ್ತೀನಿ. ಆ ಮಾತು ಅವನ ಒಳ್ಳೆಯ ಕಿವಿಗೇ ಬಿದ್ದಿತ್ತು. ಬೈದಿದ್ದರೆ ಎದುರು ಬೈಯಬಹುದಿತ್ತು. ಸ್ಪೇರಿನವನು ಶನಿವಾರದಿಂದ ಚಹಾಕ್ಕೆ ಬಂದಿರಲಿಲ್ಲ. ಅವನೂ ಕರೆದಿರಲಿಲ್ಲ.

ಹಳೆಯ ಆಕ್ಸಲನ್ನು ಹಿಡಿದುಕೊಂಡು ಒಳಗೆ ಬರುವಾಗ ಯಜಮಾನರ ಮಗಳು ಲಿಫ್ಟಿನ ಕೆಳಗೆ ನಿಂತು ಎಡಗಡೆಯ ಬೂಟನ್ನು ನೋಡುತ್ತಿದ್ದಳು. ಅವನು ಬಿಡಿಸಿಟ್ಟ ಮಡಿಕೆಯಲ್ಲಿ ಸೀಳು ಎದ್ದು ಕಾಣುತ್ತಿತ್ತು. ಅವಳು ಪೆದ್ದಿಯಲ್ಲ, ಇದೇ ಎಣ್ಣೆಯ ನೆಲದ ಮೇಲೆ ಗೋಲಿಯ ಬದಲು ಬೇರಿಂಗಿನ ಗುಂಡು ಆಡಿ ಬೆಳೆದವಳು. ಅವಳ ಮುಖದಲ್ಲಿ ಎಲ್ಲ ಅರ್ಥವಾದ ಕಳೆಯಿತ್ತು, ಅದರ ಹಿಂದೆಯೇ ಅವನನ್ನು ಬಚಾವು ಮಾಡುವ ಅವಸರ. “ಎಡದ್ದೂ ಹೋಗಿದೆಯಲ್ವಾ ಮಾಮ,” ಎಂದು ತಗ್ಗಿದ ದನಿಯಲ್ಲಿ ಹೇಳಿದಳು. “ಒಂದು ಹೋದ್ರೆ ಇನ್ನೊಂದೂ ಹೋಗೋದು ಇದ್ದದ್ದೇ. ಅವರಿಗೆ ಹಾಗೇ ಹೇಳ್ತೀನಿ. ಎರಡೂ ಬದಲಾಯಿಸಿಬಿಡಿ.”

ಎಷ್ಟು ಚೆನ್ನಾದ ದಾರಿ. ಗ್ಯಾರೇಜು ಹುಟ್ಟಿದಾಗಿನಿಂದ ಮೇಸ್ತ್ರಿಗಳು ನಡೆದು ನಡೆದು ನುಣುಪಾದ ದಾರಿ. ಅವಳು ಹೇಳುತ್ತಾಳೆ, ಅವನು ತಲೆಯಾಡಿಸಿದರೆ ಸಾಕು, ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಸ್ಪೇರಿನವನು ಇನ್ನೊಂದು ಬಲಗಡೆಯ ಆಕ್ಸಲು ತರುತ್ತಾನೆ, ಹೊಸದನ್ನು ಕೆಟ್ಟದ್ದೆಂದು ವಾಪಸು ಒಯ್ಯುತ್ತಾನೆ, ಎಡಕ್ಕೂ ಒಂದು ಬರುತ್ತದೆ, ಸದ್ದು ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ನಾಳೆ ಬೆಳಿಗ್ಗೆ ಇದೇ ಹುಡುಗಿ ಇದೇ ಮೆತ್ತನೆಯ ದನಿಯಲ್ಲಿ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ತೆಗೆಯುತ್ತಾಳೆ, ಅವನು ಅದಕ್ಕೂ ತಲೆಯಾಡಿಸುತ್ತಾನೆ. ಕಿವಿ ಮೇಸ್ತ್ರಿ ಎಂಬ ಹೆಸರು ಮಾತ್ರ ಉಳಿಯುತ್ತದೆ. ಇಲ್ಲ ಎಂದರೆ, ನಿಜ ಹೇಳಿದರೆ, ಕುರ್ಚಿ ಇವತ್ತೇ. ಕಿವುಡು ಮೇಸ್ತ್ರಿಯ ಕೈಗೆ ಯಾರು ಗಾಡಿ ಕೊಡುತ್ತಾರೆ. ಪಾನೆ ಹಿಡಿಯದ ಒಂದು ದಿನ ಹೇಗಿರುತ್ತದೆಂದು ಯೋಚಿಸಲು ಹೋದ, ಮನಸ್ಸು ಕುರ್ಚಿಯವರೆಗೆ ಹೋಗಿ ಅಲ್ಲೇ ನಿಂತಿತು. ಭಯವಾಯಿತು. ಅಷ್ಟರಲ್ಲಿ ಗೇಟಿನಲ್ಲಿ ಸ್ಪೇರಿನವನ ಮೊಪೆಡ್ಡು ಬಂದು ನಿಂತದ್ದು ಕಂಡಿತು. ಹಿಂದಿನ ಸೀಟಿಗೆ ಉದ್ದನೆಯ ರಟ್ಟಿನ ಪೆಟ್ಟಿಗೆ ಬಿಗಿದಿತ್ತು.

ಸ್ಪೇರಿನವನು ಅವನ ಮುಖ ನೋಡಲಿಲ್ಲ. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಬಲಗಡೆಯದು, ಕಂಪನಿಯ ಸೀಲು ಹಾಗೇ ಇದೆ, ನೋಡಿಕೊಳ್ಳಿ ತಾಯಿ ಎಂದು ಹುಡುಗಿಗೆ ಹೇಳಿದ. ಕೆಟ್ಟದ್ದನ್ನು ಕೊಟ್ಟರೆ ತೆಗೆದುಕೊಂಡು ಹೋಗುತ್ತೇನೆ ಎಂದ. ಕಾಲರಿನ ಗುಂಡಿ ಮೇಲಿನ ತನಕ ಹಾಕಿದ್ದ, ಆಫೀಸಿಗೆ ಬಂದವನ ಹಾಗೆ. ಇಪ್ಪತ್ತೆಂಟು ವರ್ಷದಲ್ಲಿ ಅವನು ಈ ಗ್ಯಾರೇಜಿಗೆ ಗುಂಡಿ ಹಾಕಿಕೊಂಡು ಬಂದದ್ದಿಲ್ಲ. ಆ ಗುಂಡಿಯನ್ನು ನೋಡಿದ್ದೇ ತಡ, ಎದೆಯೊಳಗಿನ ಭಯ ಇದ್ದಕ್ಕಿದ್ದಂತೆ ಸಿಟ್ಟಾಗಿ ತಿರುಗಿತು. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ಹುಡುಗಿಯ ಮರುಕದ ಮೇಲೆ, ಹೆಂಡತಿಯ ಮೌನದ ಮೇಲೆ, ತನ್ನ ಕುತ್ತಿಗೆಯ ಮೇಲೆ, ಒಂದು ವರ್ಷದಿಂದ ಮೇಲೆ ಕೆಳಗೆ ಆಡಿದ ಆ ಕುತ್ತಿಗೆಯ ಮೇಲೆ. ಕೈಯಲ್ಲಿದ್ದ ಹಳೆಯ ಆಕ್ಸಲನ್ನು ಮೇಜಿನ ಮೇಲಿಟ್ಟ. ಮೆಲ್ಲಗೆ ಇಡಬೇಕೆಂದಿದ್ದ, ದಢ್ ಎಂದಿತು.

“ಪೆಟ್ಟಿಗೆ ಬಿಚ್ಚಬೇಡ,” ಎಂದ. “ನಿನ್ನ ಮಾಲು ಸರಿಯಿದೆ. ಬಲಗಡೇದು ಹಳೇದೂ ಸರಿಯಿತ್ತು, ನೀನು ಕೊಟ್ಟ ಹೊಸದೂ ಸರಿಯಿದೆ. ಹೋಗಿರೋದು ಎಡಗಡೇದು. ತಪ್ಪು ಕಡೆ ಬಿಚ್ಚಿದವನು ನಾನು. ಶನಿವಾರ ನಿನ್ನ ಮೇಲೆ ಹಾಕಿದವನೂ ನಾನೇ.” ಆಮೇಲೆ ಯಾರೂ ಏನೂ ಅನ್ನದಿದ್ದರಿಂದ, ಅಥವಾ ಅಂದದ್ದು ಅವನಿಗೆ ಕೇಳಿಸದಿದ್ದರಿಂದ, ಉಳಿದದ್ದನ್ನೂ ಹೇಳಿದ. “ನನ್ನ ಎಡಗಿವಿ ಕೇಳಲ್ಲ. ಒಂದು ವರ್ಷ ಆಯ್ತು. ಯಾವ ಸದ್ದು ಎಲ್ಲಿಂದ ಬಂದ್ರೂ ನನಗೆ ಬಲಗಡೇನೇ.”

ಸ್ಪೇರಿನವನು ಪೆಟ್ಟಿಗೆಯನ್ನು ನೋಡಿದ, ಮೇಜಿನ ಮೇಲಿನ ಆಕ್ಸಲನ್ನು ನೋಡಿದ, ಹತ್ತಿರ ಹೋಗಿ ಜಾಯಿಂಟನ್ನು ಒಂದು ಸಲ ತಿರುಗಿಸಿ ನೋಡಿದ. ನಂತರ ಪೆಟ್ಟಿಗೆಯನ್ನು ಎತ್ತಿಕೊಂಡು, ಮೊಪೆಡ್ಡಿಗೆ ಕಟ್ಟಿ ಹೊರಟುಹೋದ. ಎಡಗಡೆಯದು ತಗೊಂಡು ಬಾ ಎಂದು ಅವನು ಹಿಂದಿನಿಂದ ಕೂಗಿದ್ದು ಕೇಳಿತೋ ಇಲ್ಲವೋ. ಡ್ರೈವಿಂಗ್ ಸ್ಕೂಲಿನಾಕೆ ಐದು ದಿನದ ಪಾಠ ಹಾಳಾಯಿತು ಎಂದಳು, ಅವಳ ದನಿಯಲ್ಲಿ ಮರುಕ ಇರಲಿಲ್ಲ, ಅದು ಅವನಿಗೆ ಹಿತವಾಯಿತು. ಯಜಮಾನರ ಮಗಳು ಅವನ ಬಲಕ್ಕೆ ಬಂದು ನಿಂತಳು. ಎಷ್ಟು ಬೇಗ ಕಲಿತುಬಿಡುತ್ತಾರೆ ಎಂದುಕೊಂಡ.

“ಯಾಕೆ ಹೇಳಲಿಲ್ಲ ಮಾಮ?”

“ಹೇಳಿದ್ರೆ ನೀನು ಕುರ್ಚಿ ಹಾಕ್ತಿದ್ದೆ.”

“ಹೇಳದೇ ಇದ್ರೂ ಹಾಕಿದೀನಲ್ಲ.”

ಅವನಿಗೆ ನಗು ಬಂತು, ತಡೆದುಕೊಂಡ. ಅವಳು ನಗಲಿಲ್ಲ. ಇದನ್ನು ಬೇರೆಯವರು ಹಾಕಲಿ, ನೀವು ಇವತ್ತು ಮನೆಗೆ ಹೋಗಿ, ಉಳಿದದ್ದು ಆಮೇಲೆ ಮಾತಾಡೋಣ ಎಂದಳು. ನಾನೇ ಹಾಕುತ್ತೇನೆ ಎಂದ. ಗಿರಾಕಿಯೂ ಒಪ್ಪಬೇಕಲ್ಲ ಎಂದು ಅವಳು ಆ ಹೆಂಗಸಿನ ಕಡೆ ತಿರುಗಿದಳು. ಡ್ರೈವಿಂಗ್ ಸ್ಕೂಲಿನಾಕೆ ಸ್ವಲ್ಪ ಯೋಚಿಸಿ, ಅವರೇ ಹಾಕಲಿ, ನಾನು ಇಲ್ಲೇ ನಿಂತು ನೋಡುತ್ತೇನೆ ಎಂದಳು. ಕಲಿಯುವವರ ಪಕ್ಕದಲ್ಲಿ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು ಕೂತು ಅಭ್ಯಾಸವಾದವಳು. ನಂಬಿಕೆಯಿಂದ ಹೇಳಿದ ಮಾತಲ್ಲ ಅದು. ನೋಡಲಿ, ಎಂದುಕೊಂಡ. ಇಬ್ಬರೂ ನಿಂತು ನೋಡಲಿ.

ಮುಕ್ಕಾಲು ಗಂಟೆ ಕಳೆದು ಸ್ಪೇರಿನವನು ಮತ್ತೆ ಬಂದ, ಎಡಗಡೆಯದನ್ನು ತಂದು ಇಳಿಸಿದ. ಆದರೆ ಹೋಗಲಿಲ್ಲ, ಟೈರುಗಳ ಗುಡ್ಡೆಯ ಮೇಲೆ ಕೂತು ಸಿನಿಮಾ ಶುರುವಾಗಲೆಂದು ಕಾಯುವವನಂತೆ ಕಾಲಮೇಲೆ ಕಾಲು ಹಾಕಿದ. ಮೇಸ್ತ್ರಿ ಕಾರನ್ನು ನೆಲಕ್ಕೆ ಇಳಿಸಿ, ಡ್ರೈವಿಂಗ್ ಸ್ಕೂಲಿನಾಕೆಯನ್ನು ಒಳಗೆ ಕೂರಿಸಿ ಬ್ರೇಕು ಒತ್ತಿಹಿಡಿಯಲು ಹೇಳಿದ. ಚಕ್ರದ ನಡುವಿನ ದೊಡ್ಡ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಬೇಕು. ಅವಳು ತನ್ನ ಕಡೆಯ ಬ್ರೇಕನ್ನೇ ಒತ್ತಿದಳು. ನಟ್ಟು ಹಟ ಮಾಡಿತು. ಉದ್ದನೆಯ ಹಿಡಿಯ ಮೇಲೆ ಮೈಭಾರವೆಲ್ಲ ಬಿಟ್ಟ, ಹೆಗಲು ಹಿಡಿದುಕೊಂಡಿತು, ಮತ್ತೆ ಬಿಟ್ಟ. ಜಾರಿತು. ಮೇಲೆತ್ತಿ ಚಕ್ರ ತೆಗೆದ, ಕೆಳಗಿನ ಬಾಲ್ ಜಾಯಿಂಟಿನ ಬೋಲ್ಟು ತೆಗೆದು ಚಕ್ರ ಕೂರುವ ಹಬ್ಬನ್ನು ಹೊರಕ್ಕೆ ವಾಲಿಸಿದ, ಆಕ್ಸಲಿನ ತುದಿಯನ್ನು ಒಳಕ್ಕೆ ನೂಕಿ ಬಿಡಿಸಿಕೊಂಡ. ಕೆಳಗೆ ಬಾಣಲೆ ಇಟ್ಟು, ಗೇರ್ ಬಾಕ್ಸಿನ ಕಡೆ ಮೀಟುಗೋಲು ಕೊಟ್ಟು ಒಂದೇ ಏಟಿಗೆ ಮೀಟಿದ. ಎಣ್ಣೆ ನಾಲ್ಕು ಹನಿ ಸುರಿದು ನಿಂತಿತು. ಸವೆದ ಆಕ್ಸಲು ಕೈಗೆ ಬಂತು. ಜಾಯಿಂಟು ಹಿಡಿದು ಅಲ್ಲಾಡಿಸಿ, ಡ್ರೈವಿಂಗ್ ಸ್ಕೂಲಿನಾಕೆಯ ಕೈಗೆ ಕೊಟ್ಟು, ನೀವೂ ತಿರುಚಿ ನೋಡಿ ಎಂದ. ಅವಳು ಸೀರೆಯನ್ನು ಒಂದು ಕೈಯಲ್ಲಿ ಹಿಂದಕ್ಕೆ ಹಿಡಿದುಕೊಂಡು ತಿರುಚಿದಳು. ವಾಪಸು ಕೊಟ್ಟಳು.

ಕಷ್ಟ ಇದ್ದದ್ದು ಹೊಸದನ್ನು ಕೂರಿಸುವುದರಲ್ಲಿ. ಗೇರ್ ಬಾಕ್ಸಿನ ಬಾಯಲ್ಲಿ ತೆಳ್ಳನೆಯ ಆಯಿಲ್ ಸೀಲಿದೆ, ಆಕ್ಸಲಿನ ಹಲ್ಲು ಅದಕ್ಕೆ ತಾಗಿದರೆ ಹರಿದು ಎಣ್ಣೆ ಸೋರುತ್ತದೆ. ನೇರವಾಗಿ ಹಿಡಿದು, ಹಲ್ಲಿಗೆ ಹಲ್ಲು ಕೂಡಿಸಿ, ಒಂದೇ ನೂಕಿನಲ್ಲಿ ಒಳಗೆ ಹೋಗಬೇಕು. ತುದಿಯ ಉಂಗುರ ತನ್ನ ಜಾಗದಲ್ಲಿ ಕೂತಾಗ ಒಂದು ಸಣ್ಣ ಕಟ್. ಅದು ಕೇಳಿಸದಿದ್ದರೆ ಕೂತಿಲ್ಲವೆಂದೇ ಅರ್ಥ, ದಾರಿಯಲ್ಲಿ ಕಳಚಿ ಬರುತ್ತದೆ. ಇಷ್ಟು ವರ್ಷ ಈ ಕಟ್ ಎನ್ನುವುದಕ್ಕೆ ಅವನು ಕಿವಿ ಚಾಚುತ್ತಿದ್ದ. ಇವತ್ತು ಪಕ್ಕದಲ್ಲಿ ಯಾರೋ ಗಾಳಿಯ ಮೆಷಿನ್ನು ಹಾಕಿದರು. ಯಜಮಾನರ ಮಗಳು ಅದನ್ನು ನಿಲ್ಲಿಸಲು ಕೈ ಎತ್ತಿದಳು. ಬೇಡ ಇರಲಿ ಎಂದ. ಇರಲಿ ಬಿಡು, ಇನ್ನೂ ನಾಲ್ಕು ಮೆಷಿನ್ನು ಹಾಕು. ಕಣ್ಣು ಮುಚ್ಚಿ ನೂಕಿದ. ಮಣಿಕಟ್ಟಿನಲ್ಲಿ, ಅಲ್ಲಿಂದ ಮೊಣಕೈಯವರೆಗೆ, ಅದು ಕೂತದ್ದು ತಿಳಿಯಿತು. ಹಿಡಿದು ಹಿಂದಕ್ಕೆ ಎಳೆದು ನೋಡಿದ. ಬರಲಿಲ್ಲ. ಕಟ್ ಎಂದದ್ದು ಅವನಿಗೆ ಕೇಳಿಸಲಿಲ್ಲ ಎಂದು ಯಾರೂ ಅನ್ನಬಾರದೆಂದು ಮತ್ತೊಮ್ಮೆ ಎಳೆದ. ಬೆನ್ನು ಬೆವರಿತ್ತು. ಹಬ್ಬು ಸೇರಿಸಿ, ಬೋಲ್ಟು ಬಿಗಿದು, ಚಕ್ರ ಹಾಕಿ ಇಳಿಸಿ, ನಡುವಿನ ನಟ್ಟಿಗೆ ಅಳತೆಯ ರೆಂಚು ಹಾಕಿ ಬಿಗಿದ. ಬಿಗಿತ ತುಂಬಿದಾಗ ಅದೂ ಅಂಗೈಗೇ ಹೇಳಿತು.

ಸುತ್ತು ಹೊಡೆಯಲು ಅವನು ಕೂರಲಿಲ್ಲ. ಕೀಲಿಕೈಯನ್ನು ಡ್ರೈವಿಂಗ್ ಸ್ಕೂಲಿನಾಕೆಗೆ ಕೊಟ್ಟು ಅಂಗಳದ ನಡುವೆ ನಿಂತ. ಅವಳು ಬಲಕ್ಕೆ ತಿರುಗಿಸಿ ಅವನನ್ನು ಸುತ್ತಿದಳು, ಎಡಕ್ಕೆ ತಿರುಗಿಸಿ ಸುತ್ತಿದಳು, ಮಧ್ಯದಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಳು. ಅವನಿಗೆ ಎಂಜಿನ್ನಿನ ಸದ್ದು ಬಲಗಡೆಯಿಂದ ಮಾತ್ರ ಕೇಳುತ್ತಿತ್ತು, ಕಾರು ಎಲ್ಲಿದ್ದರೂ. ಕಾರು ನಿಂತಾಗ ಎಲ್ಲರಿಗೂ ಕೇಳುವಂತೆ, ಏನಾದ್ರೂ ಸದ್ದು ಬಂತಾ ಎಂದು ಕೇಳಿದ. ಈ ಪ್ರಶ್ನೆಯನ್ನು ಅವನು ಯಾವತ್ತೂ ಯಾರನ್ನೂ ಕೇಳಿದವನಲ್ಲ. ಇಲ್ಲ ಎಂದಳು. ಯಜಮಾನರ ಮಗಳ ಕಡೆ ತಿರುಗಿ ಅವಳನ್ನೂ ಕೇಳಿದ. ಇಲ್ಲ ಮಾಮ, ಸದ್ದಿಲ್ಲ. ಡ್ರೈವಿಂಗ್ ಸ್ಕೂಲಿನಾಕೆ ಧನ್ಯವಾದ ಹೇಳಲಿಲ್ಲ. ಗೇಟಿನ ಹತ್ತಿರ ಕಾರು ನಿಧಾನ ಮಾಡಿ, ಬಲಕ್ಕೆ ಪೂರ್ತಿ ತಿರುಗಿಸಿ ಒಂದು ಸಲ ಕಿವಿಗೊಟ್ಟು, ಹೊರಟುಹೋದಳು.

ಕೈ ತೊಳೆದು ಬಂದಾಗ ಹುಡುಗಿ ಕೌಂಟರಿನ ಹತ್ತಿರ ಕಾಯುತ್ತಿದ್ದಳು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು. ಮತ್ತೆ ಹೀಗಾದರೆ ಗ್ಯಾರೇಜಿನ ಹೆಸರು ಏನಾಗಬೇಕು, ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು ಎಂದಳು. ಅದು ನ್ಯಾಯವಾದ ಪ್ರಶ್ನೆ. ಅವಳ ಕಣ್ಣು ಒದ್ದೆಯಾಗಿದ್ದದ್ದು ಅನ್ಯಾಯ.

“ಸದ್ದು ಕೇಳೋದು ಇನ್ನು ನಿನ್ನ ಕೆಲಸ,” ಎಂದ. “ಎಲ್ಲಿಂದ ಬರ್ತಿದೆ ಅಂತ ನೀನು ಹೇಳು, ಹೌದೋ ಅಲ್ವೋ ಅಂತ ನಾನು ಮುಟ್ಟಿ ಹೇಳ್ತೀನಿ. ಎರಡೂ ಕಡೆ ಮುಟ್ಟದೆ ಒಂದು ನಟ್ಟೂ ಬಿಚ್ಚಲ್ಲ. ನಾಳೆ ಎಂಟೂವರೆಗೆ ಲಿಫ್ಟ್ ಹತ್ತಿರ ಇರ್ತೀನಿ. ಬೇಡ ಅಂದ್ರೆ ಇಲ್ಲೇ ಎಲ್ಲರ ಮುಂದೆ ಬೇಡ ಅನ್ನು, ಹೋಗ್ತೀನಿ. ಆದ್ರೆ ಈ ಕುರ್ಚೀಲಿ ಕೂತು ತಲೆ ಆಡಿಸು ಅಂತ ಮಾತ್ರ ಹೇಳಬೇಡ. ಆಡಿಸಿದ್ದು ಸಾಕಾಗಿದೆ.”

ಅವಳು ಬೇಡ ಎನ್ನಲಿಲ್ಲ. ಆಯಿತು ಎಂದೂ ಅನ್ನಲಿಲ್ಲ. ಕುರ್ಚಿಯನ್ನು ನೋಡಿದಳು, ಪ್ಲಾಸ್ಟಿಕ್ ಹೊದಿಕೆಯ ಒಂದು ಮೂಲೆ ಎದ್ದಿತ್ತು, ಅದನ್ನು ಒತ್ತಿ ಸರಿಮಾಡಿದಳು. ನಾಳೆ ಎಂಟೂವರೆಗೆ ಗೊತ್ತಾಗುತ್ತದೆ.

ಹೊರಗೆ ಟೈರುಗಳ ಗುಡ್ಡೆಯಿಂದ ಸ್ಪೇರಿನವನು ಎದ್ದು ನಿಂತಿದ್ದ. ಹನ್ನೊಂದು ಗಂಟೆ ಯಾವಾಗಲೋ ಕಳೆದು ಒಂದೂವರೆಯಾಗಿತ್ತು. ಅವನು ಚಹಾ ಎಂದ. ಸ್ಪೇರಿನವನು ಗೇಟು ದಾಟಿ ಜೊತೆಗೆ ನಡೆದ. ಎಡಗಡೆ ನಡೆದ. ಬೇಕೆಂದೇ ಎಡಗಡೆಗೆ ಬಂದದ್ದು. ಮೊದಲು ಬಲಕ್ಕಿದ್ದವನು ಹಿಂದಿನಿಂದ ಸುತ್ತಿ ಬಂದದ್ದನ್ನು ಅವನು ಕಂಡಿದ್ದ. ಅಲ್ಲಿಂದ ಸ್ಪೇರಿನವನು ಮಾತು ಶುರು ಮಾಡಿದ. ಏನು ಎಂದು ಒಂದು ಅಕ್ಷರವೂ ಕೇಳುತ್ತಿರಲಿಲ್ಲ, ಆದರೆ ಕಣ್ಣಂಚಿನಲ್ಲಿ ಆ ಬಾಯಿ ಕಾಣುತ್ತಿತ್ತು, ಬಾಯಿ ಹೇಗೆ ತೆರೆಯುತ್ತಿತ್ತು, ಹೇಗೆ ಕಚ್ಚುತ್ತಿತ್ತು, ಕೈ ಹೇಗೆ ಗಾಳಿಯನ್ನು ಬಡಿಯುತ್ತಿತ್ತು. ಶನಿವಾರದಿಂದ ಕಟ್ಟಿಟ್ಟುಕೊಂಡದ್ದೆಲ್ಲ ಬರುತ್ತಿತ್ತು. ಕೇಳಿಸಿಕೊಳ್ಳಲಾರದವನಿಗೆ ಎಷ್ಟು ಬೇಕಾದರೂ ಬೈಯಬಹುದು, ಸ್ನೇಹವೂ ಕೆಡುವುದಿಲ್ಲ. ಇಪ್ಪತ್ತೆಂಟು ವರ್ಷದ ಗೆಳೆಯ ಯೋಚನೆ ಮಾಡಿಯೇ ಆ ಮಗ್ಗುಲನ್ನು ಆರಿಸಿಕೊಂಡಿದ್ದ. ಹಾಗೇ ನಡೆದರೆ ಚಹಾದ ಅಂಗಡಿ ಬರುವಷ್ಟರಲ್ಲಿ ಎಲ್ಲ ಮುಗಿದು ಇಬ್ಬರೂ ಲೋಟ ಹಿಡಿಯಬಹುದಿತ್ತು. ಅವನ ಕುತ್ತಿಗೆ ಮೆಲ್ಲಗೆ ಒಂದು ಸಲ ಕೆಳಕ್ಕೆ ಆಡಿತು. ಇನ್ನೊಂದು ಸಲ ಆಡುವುದರೊಳಗೆ ಅವನು ರಸ್ತೆಯ ಮಧ್ಯದಲ್ಲೇ ನಿಂತ. ಸ್ಪೇರಿನವನೂ ನಿಂತ, ಬಾಯಿ ಅರ್ಧ ತೆರೆದುಕೊಂಡು. ಹಿಂದೆ ಯಾವುದೋ ಗಾಡಿ ಹಾರನ್ನು ಹೊಡೆಯಿತು, ಬಲಗಡೆಯಿಂದ, ಅಥವಾ ಎಲ್ಲಿಂದಲೋ. ಅವನು ಅವಸರ ಮಾಡದೆ ಗೆಳೆಯನನ್ನು ಸುತ್ತಿಕೊಂಡು ಆಚೆ ಹೋಗಿ, ಅವನನ್ನು ತನ್ನ ಬಲಕ್ಕೆ ಮಾಡಿಕೊಂಡು ನಿಂತು, ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದ.

“ಮೊದಲಿಂದ ಹೇಳು,” ಎಂದ.